ನಮ್ಮ ಮನೆಯವರಿಗೆ ಕಾಣದ ಕಾಕರಣೆ

ನನ್ನ ಗಂಡ ಕಡಿಮೆ ಮಾತಿನ ಮನುಷ್ಯ ಎಂಬುದನ್ನು ಮದುವೆಗೆ ಮುಂಚೆಯೇ ಎಲ್ಲರೂ ಹೇಳಿದ್ದರು. ಹರಪನಹಳ್ಳಿಯ ನಮ್ಮ ಮನೆಗೆ ಹೆಣ್ಣು ನೋಡಲು ಬಂದ ದಿನ ಅವರು ಮಂಡಕ್ಕಿ ತಿಂದು, ಚಹಾ ಕುಡಿದು, ಗೋಡೆಯ ಮೇಲಿನ ಕ್ಯಾಲೆಂಡರನ್ನೇ ನೋಡುತ್ತ ಕೂತಿದ್ದರು. ಎದ್ದು ಹೋಗುವಾಗ "ಬರ್ತೀವ್ರಿ" ಅಂದದ್ದೊಂದೇ ಮಾತು. "ಹುಡುಗ ಗಂಭೀರ ಅದಾನ," ಅಂದಳು ಅವ್ವ. ಅಪ್ಪನಿಗೂ ಒಪ್ಪಿಗೆಯಾಯಿತು. ಹೀಗೆ ನಾನು ಕೊಟ್ಟೂರಿನ ಬಜಾರಿನಲ್ಲಿ ಬಣ್ಣ ಮತ್ತು ಕಬ್ಬಿಣದ ಸಾಮಾನಿನ ಅಂಗಡಿ ಇಟ್ಟಿದ್ದ ಮನೆಯ ಸೊಸೆಯಾದೆ. ತೊಂಬತ್ತರ ದಶಕದ ಮೊದಲ ವರ್ಷಗಳು ಅವು.

ಮೊದಮೊದಲು ಅವರ ಮೌನ ನನಗೆ ತೊಂದರೆ ಮಾಡಲಿಲ್ಲ. ಬೆಳಿಗ್ಗೆ ಏಳುತ್ತಿದ್ದರು, ವಿಭೂತಿ ಹಚ್ಚಿಕೊಂಡು ಪೂಜೆ ಮುಗಿಸಿ, ರೊಟ್ಟಿ ತಿಂದು ಅಂಗಡಿಗೆ ಹೋಗುತ್ತಿದ್ದರು, ಸಂಜೆ ಬಂದು ರೇಡಿಯೋ ಹಚ್ಚುತ್ತಿದ್ದರು. ಏನು ಮಾಡಿ ಬಡಿಸಿದರೂ ಊಟ ಮಾಡುತ್ತಿದ್ದರು. ಬೈದವರಲ್ಲ, ಹೊಗಳಿದವರೂ ಅಲ್ಲ. ಇವರಲ್ಲಿ ಇರುವ ಮಾತೇ ಇಷ್ಟು ಎಂದುಕೊಂಡು ನಾನು ನನ್ನ ಹೊಲಿಗೆ ಮಷೀನು, ಅತ್ತೆ, ಆಮೇಲೆ ಹುಟ್ಟಿದ ಮಗಳು, ಇವುಗಳ ನಡುವೆ ನೆಮ್ಮದಿಯಾಗಿದ್ದೆ. ಇಲ್ಲದ್ದನ್ನು ಇಲ್ಲ ಅಂದುಕೊಂಡರೆ ಬಾಳುವೆ ನಡೆಯುತ್ತದೆ. ಇರುವುದು ಬೇರೆ ಯಾರಿಗೋ ಸಿಗುತ್ತಿದೆ ಎಂದು ಗೊತ್ತಾದ ದಿನದಿಂದ ನನಗೆ ಸಂಕಟ ಶುರುವಾಯಿತು.

ಆ ಬೇರೆ ಯಾರೋ ಒಬ್ಬರು ದನದ ಡಾಕ್ಟರು. ಗದಗದ ಕಡೆಯವರು, ನಮ್ಮವರ ವಯಸ್ಸೇ, ಇನ್ನೂ ಮದುವೆಯಾಗಿರಲಿಲ್ಲ. ಊರಿಗೆ ವರ್ಗವಾಗಿ ಬಂದು ರೂಮು ಮಾಡಿಕೊಂಡಿದ್ದರು. ಒಂದು ದಿನ ಆಸ್ಪತ್ರೆಯ ಕಿಟಕಿಗೆ ಹಚ್ಚಿಸಲು ನೀಲಿ ಬಣ್ಣ ಕೊಳ್ಳಲು ನಮ್ಮ ಅಂಗಡಿಗೆ ಬಂದರು. ಅಂಗಡಿಯ ಷಟರಿನ ಮೇಲಿನ ತೊಲೆಗೆ ಬಾನಾಡಿ ಹಕ್ಕಿಗಳು ಗೂಡು ಕಟ್ಟಿದ್ದವು. ಗಿರಾಕಿಗಳ ತಲೆಯ ಮೇಲೆ ಹಿಕ್ಕೆ ಬೀಳುತ್ತದೆ ಎಂದು ನಮ್ಮ ಮಾವ ಅವತ್ತೇ ಆ ಗೂಡುಗಳನ್ನು ಕೀಳಿಸಲು ಹೊರಟಿದ್ದರು. ನಮ್ಮವರು ಕೋಲು ಹಿಡಿದು ಏಣಿಯ ಮೇಲಿದ್ದರು.

"ಒಳಗ ಮರಿ ಅದಾವ್ರಿ ಯಜಮಾನ್ರ. ಸ್ವಲ್ಪ ದಿನ ತಡೀರಿ, ತಾವ ಹಾರಿ ಹೋಗ್ತಾವ," ಅಂದರಂತೆ ಡಾಕ್ಟರು.

ನಮ್ಮವರು ಏಣಿಯಿಂದ ಇಳಿದು ಬಂದು, "ಎಲ್ಲಿಗೆ ಹೋಗ್ತಾವ್ರಿ ಅವು?" ಎಂದು ಕೇಳಿದರಂತೆ. ಮಗ ತಾನಾಗಿ ಒಬ್ಬ ಗಿರಾಕಿಯನ್ನು ಮಾತಾಡಿಸಿದ್ದನ್ನು ಮಾವ ಅಂದು ರಾತ್ರಿ ಊಟಕ್ಕೆ ಕೂತಾಗ ಆಶ್ಚರ್ಯದಿಂದ ಹೇಳಿದರು. ನಮ್ಮವರು ತಲೆ ಎತ್ತದೆ ಸಾರು ಕಲಸುತ್ತಿದ್ದರು. ಗೂಡುಗಳು ಉಳಿದುಕೊಂಡವು.

ಆಮೇಲೆ ಭಾನುವಾರಗಳು ನನ್ನ ಕೈ ಬಿಟ್ಟು ಹೋದವು. ನಸುಕಿನಲ್ಲಿ ಡಾಕ್ಟರ ಮೋಟಾರ್ ಸೈಕಲ್ಲು ಓಣಿಯ ತುದಿಗೆ ಬಂದು ನಿಲ್ಲುತ್ತಿತ್ತು. ಹಾರನ್ ಹೊಡೆಯುತ್ತಿರಲಿಲ್ಲ, ಮಲಗಿದವರಿಗೆ ತೊಂದರೆಯಾಗಬಾರದೆಂಬ ಮರ್ಯಾದೆ. ಉಳಿದ ದಿನ ಮೂರು ಸಲ ಕೂಗಿದರೂ ಏಳದ ನನ್ನ ಗಂಡ ಆ ಇಂಜಿನ್ನಿನ ಸದ್ದಿಗೆ ಮುಂಚೆಯೇ ಬೂಟು ಕಟ್ಟಿಕೊಂಡು ಬಾಗಿಲಲ್ಲಿ ನಿಂತಿರುತ್ತಿದ್ದರು. ಹಿಂದಿನ ದಿನವೇ ರೊಟ್ಟಿ ಬಡಿದು, ಶೇಂಗಾ ಚಟ್ನಿ ಹಾಕಿ, ಇಬ್ಬರಿಗೂ ಬುತ್ತಿ ಕಟ್ಟಿಡುತ್ತಿದ್ದವಳು ನಾನು. ಹಗರಿಬೊಮ್ಮನಹಳ್ಳಿಯ ಕಡೆ ತುಂಗಭದ್ರಾ ಡ್ಯಾಮಿನ ಹಿನ್ನೀರಿಗೆ, ಕೋಗಳಿ ಕೆರೆಗೆ, ಕೂಡ್ಲಿಗಿಯ ಕಲ್ಲುಗುಡ್ಡಗಳಿಗೆ, ಒಮ್ಮೊಮ್ಮೆ ಮೈಲಾರದ ಹೊಳೆದಂಡೆಗೆ ಹೋಗುತ್ತಿದ್ದರು. ಬಿಸಿಲೇರಿದ ಮೇಲೆ ಮುಖ ಕೆಂಪಗೆ ಮಾಡಿಕೊಂಡು ಬರುತ್ತಿದ್ದರು.

"ಏನ್ ನೋಡಿದ್ರಿ?" ಎಂದು ಕೇಳುತ್ತಿದ್ದೆ.

"ಹಕ್ಕಿ," ಅನ್ನುತ್ತಿದ್ದರು.

ಅಷ್ಟೇ. ಅದೇ ಸಂಜೆ ಡಾಕ್ಟರು ಅಂಗಡಿಗೆ ಬಂದರೆ ಪರಿಸ್ಥಿತಿಯೇ ಬೇರೆ. ಅಂಗಡಿಯ ಹಿಂಬಾಗಿಲು ನಮ್ಮ ಮನೆಯ ಅಂಗಳಕ್ಕೆ ತೆರೆಯುತ್ತಿತ್ತು. ಬಟ್ಟೆ ಒಣಹಾಕುತ್ತ ನಿಂತರೆ ಒಳಗಿನ ಮಾತು ಕೇಳುತ್ತಿತ್ತು. ಒಂದು ಹದ್ದಿನ ಬಾಲ ಕವಲಾಗಿತ್ತೋ ದುಂಡಗಿತ್ತೋ ಎಂಬುದರ ಮೇಲೆ ನನ್ನ ಗಂಡ ಎಷ್ಟು ಹೊತ್ತು ಮಾತಾಡಿದರೆಂದರೆ ನಾನು ಬಟ್ಟೆಯೆಲ್ಲ ಹಾಕಿ, ಬಕೆಟ್ಟು ಬೋರಲು ಹಾಕಿ, ಮತ್ತೂ ನಿಂತೇ ಇದ್ದೆ. ನಡುವೆ ನಗುತ್ತಿದ್ದರು. ಆ ನಗುವಿನ ಸದ್ದು ನನಗೆ ಪರಿಚಯವೇ ಇರಲಿಲ್ಲ. ನನ್ನ ಸ್ವಂತ ಗಂಡನ ನಗುವನ್ನು ನಾನು ಗೋಡೆಯಾಚೆ ನಿಂತು ಕದ್ದು ಕೇಳಬೇಕೇ ಅನ್ನಿಸಿತು.

ಒಂದು ದಿನ ಬೀರುವಿನಲ್ಲಿ ನನ್ನ ರೇಷ್ಮೆ ಸೀರೆಗಳ ನಡುವೆ ಏನೋ ಗಟ್ಟಿಯಾಗಿ ಕೈಗೆ ಸಿಕ್ಕಿತು. ಟವೆಲ್ಲಿನಲ್ಲಿ ಸುತ್ತಿಟ್ಟ ದುರ್ಬೀನು. ಬೆಂಗಳೂರಿಗೆ ಹೋದ ಯಾರ ಕೈಯಲ್ಲೋ ತರಿಸಿಕೊಂಡಿದ್ದರು. ಮಗಳಿಗೆ ಸಿಗಬಾರದು, ಧೂಳು ಹತ್ತಬಾರದು ಎಂದು ಅಲ್ಲಿಟ್ಟಿದ್ದರಂತೆ. ನನ್ನ ಧಾರೆ ಸೀರೆಯ ಮಡಿಕೆ ಕೆಡಿಸಿ ಅದಕ್ಕೆ ಮೆತ್ತನೆಯ ಜಾಗ ಮಾಡಿದ್ದರು. ಅದನ್ನು ಎತ್ತಿ ಕಬ್ಬಿಣದ ಮೊಳೆಗಳ ಡಬ್ಬಿಯ ಪಕ್ಕ ಇಟ್ಟೆ. ಸಂಜೆ ನೋಡಿದರೆ ಮತ್ತೆ ಸೀರೆಗಳ ನಡುವೆಯೇ ಇತ್ತು.

ಪಕ್ಕದ ಮನೆಯ ಅಕ್ಕನಿಗೆ ಇದೆಲ್ಲ ನಗೆಯ ವಿಷಯ. "ಸವತಿ ಆಗಿದ್ರ ಜಡಿ ಹಿಡಿದು ಎಳದು ಬರಬಹುದಿತ್ತಲ್ಲೇ. ಕೊಕ್ಕರಿಗಿ ಜಡಿ ಎಲ್ಲೈತಿ?" ಎಂದು ಕೇಳುತ್ತಿದ್ದಳು. ನಾನೂ ನಗುತ್ತಿದ್ದೆ. ಆದರೆ ನನಗೆ ಕೊಕ್ಕರೆಯ ಮೇಲೆ ಏನೂ ಸಿಟ್ಟಿರಲಿಲ್ಲ. ಸಿಟ್ಟಿದ್ದದ್ದು ಡಾಕ್ಟರ ಮೇಲೆ.

ಆ ಮನುಷ್ಯನಲ್ಲಿ ಅಂಥದ್ದೇನಿದೆ ಎಂದು ನೋಡಲೇಬೇಕೆಂದು ಒಂದು ಮಧ್ಯಾಹ್ನ ಊಟಕ್ಕೆ ಕರೆಸಿದೆ. ಹೋಳಿಗೆ ಮಾಡಿದ್ದೆ. ತುಂಬ ಸಾಧಾರಣ ಮನುಷ್ಯ, ಸ್ವಲ್ಪ ಬೊಕ್ಕತಲೆ, ಅಂಗಿಯ ಒಂದು ಗುಂಡಿ ಕಿತ್ತು ಹೋಗಿತ್ತು. ಕೈ ತೊಳೆದು ಬಂದು ತಗ್ಗಿದ ದನಿಯಲ್ಲಿ ಮಾತಾಡಿದರು. ಇಷ್ಟಪಡದಿರಲು ನನಗೆ ಒಂದು ಕಾರಣ ಬೇಕಿತ್ತು, ಸಿಗಲಿಲ್ಲ. ಎಲೆಯ ಮುಂದೆ ಕೂತವರು ನನಗೆ ಹೇಳಿದರು:

"ಅಕ್ಕಾರ, ನಿಮ್ಮ ಮನಿಯವರ ಜೊತಿಗಿ ಹೊತ್ತು ಹೋಗಿದ್ದ ಗೊತ್ತಾಗೂದಿಲ್ರಿ. ಭಾಳ ಮಾತಿನ ಮನುಷ್ಯರು."

ತುಪ್ಪದ ಚಮಚ ನನ್ನ ಕೈಯಲ್ಲಿಯೇ ಉಳಿಯಿತು. "ಯಾರು?" ಅಂದೆ.

"ಇವರ್ರಿ," ಎಂದು ನಮ್ಮವರನ್ನು ತೋರಿಸಿದರು.

ನಮ್ಮವರು ಹೋಳಿಗೆ ಮುರಿಯುತ್ತ ಎಲೆ ನೋಡುತ್ತಿದ್ದರು. ಡಾಕ್ಟರಿಗೆ ನಾನು ತುಪ್ಪ ಬಡಿಸಿದೆ, ಗಂಡನಿಗೆ ಬಡಿಸದೆ ಒಳಗೆ ಹೋದೆ. ಅಡುಗೆಮನೆಯಲ್ಲಿ ಗೋಡೆಗೆ ಒರಗಿ ನಿಂತಾಗ ಕಣ್ಣೀರು ಬಂತು. ಅತ್ತೆ "ಹೊಗಿ ಐತೇನು?" ಅಂದರು. ಗ್ಯಾಸಿನ ಒಲೆ ಬಂದು ಎಷ್ಟೋ ತಿಂಗಳಾಗಿತ್ತು.

ಮುಂದಿನ ವಾರ ನಾನೇ ಹೇಳಿದೆ: "ನಾನೂ ಬರ್ತೀನಿ."

"ಅಲ್ಲೇನೈತಿ ನಿನಗ? ಕೆಸರು, ಬಿಸಲು."

"ನಿಮಗೇನೈತೋ ಅದ ನನಗೂ ಐತಿ."

ಮಗಳನ್ನು ಅತ್ತೆಗೆ ಬಿಟ್ಟು ನಮ್ಮವರ ಸ್ಕೂಟರಿನ ಹಿಂದೆ ಕೂತು ಹೊರಟೆ. ಗಂಡನ ಜೊತೆ ಊರು ಬಿಟ್ಟು ಹೋಗುವುದು ಅಪರೂಪವಾದ್ದರಿಂದ ಒಳ್ಳೆಯದೊಂದು ಕೆಂಪು ಸೀರೆ ಉಟ್ಟಿದ್ದೆ. ಡಾಕ್ಟರು ಮೋಟಾರ್ ಸೈಕಲ್ಲಿನಲ್ಲಿ ಮುಂದೆ. ಹಿನ್ನೀರು ಇಳಿದು ದೂರ ಸರಿದಿತ್ತು. ಒಣಗಿದ ಕೆಸರಿನ ಮೇಲೆ ಹಸಿರು ಹುಲ್ಲು, ಅದರಾಚೆ ನೀರಿನ ಅಂಚಿಗೆ ತೆಳ್ಳನೆಯ ಗುಲಾಬಿ ಬಣ್ಣದ ಗೆರೆ. ಅವು ರಾಜಹಂಸಗಳು ಅಂದರು ಡಾಕ್ಟರು. ಇಬ್ಬರೂ ಬಗ್ಗಿ, ಸದ್ದಿಲ್ಲದೆ, ನಾಲ್ಕು ಹೆಜ್ಜೆ ಇಟ್ಟು ನಿಂತು, ಮತ್ತೆ ನಾಲ್ಕು ಹೆಜ್ಜೆ ಇಡುತ್ತ ಹೋದರು. ನನಗೆ ಅದು ತಿಳಿಯದು. ಹತ್ತಿರದಿಂದ ನೋಡೋಣವೆಂದು ಸೀರೆಯ ನೆರಿಗೆ ಎತ್ತಿ ಹಿಡಿದು ನೆಟ್ಟಗೆ ನಡೆದುಬಿಟ್ಟೆ. ಗುಲಾಬಿ ಗೆರೆ ಒಮ್ಮೆಲೇ ಎದ್ದಿತು. ರೆಕ್ಕೆಯೊಳಗಿನ ಕೆಂಪು ಬಿಸಿಲಿಗೆ ಝಗ್ಗೆಂದಿತು. ನನಗಂತೂ ತುಂಬ ಚೆಂದ ಕಂಡಿತು. ತಿರುಗಿ ನೋಡಿದರೆ ನಮ್ಮವರು ದುರ್ಬೀನು ಇಳಿಸಿ ನೆಲ ನೋಡುತ್ತಿದ್ದರು.

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. "ನೀನು ಆ ಜಾಲಿ ಗಿಡದ ಕೆಳಗ ಕುಂದ್ರು, ನೆರಳೈತಿ," ಅಂದರು. ಡಾಕ್ಟರು ಮಾತ್ರ, "ಅವು ಹೆಂಗೂ ಏಳೋವು ಇದ್ವ್ರಿ ಅಕ್ಕಾರ, ಆ ಕಡೆ ದೋಣಿ ಬರಾಕತ್ತಿತ್ತು," ಎಂದು ನನ್ನ ಪರ ಹೇಳಿದರು. ದೋಣಿ ಎಲ್ಲಿಯೂ ಇರಲಿಲ್ಲ. ಅವರ ಆ ಒಳ್ಳೆಯತನ ನನ್ನ ಹೊಟ್ಟೆಗೆ ಇನ್ನಷ್ಟು ಉರಿ ಹಾಕಿತು. ಜಾಲಿಯ ನೆರಳಲ್ಲಿ ಕೂತು ದೂರದಲ್ಲಿ ಅವರಿಬ್ಬರ ಬೆನ್ನುಗಳನ್ನು ನೋಡಿದೆ. ಒಬ್ಬರು ಕೈ ತೋರಿಸುತ್ತಿದ್ದರು, ಇನ್ನೊಬ್ಬರು ತಲೆಯಾಡಿಸುತ್ತಿದ್ದರು. ಬಹಳ ವರ್ಷ ಕೂಡಿ ಬಾಳಿದ ಗಂಡ ಹೆಂಡತಿಯ ಹಾಗೆ ಕಂಡರು. ಮತ್ತೆ ಬರುವುದಿಲ್ಲ ಎಂದು ಅಲ್ಲೇ ತೀರ್ಮಾನ ಮಾಡಿದೆ.

ಆ ಮಳೆಗಾಲ ಕಳೆದು ಚಳಿ ಶುರುವಾಗುವ ಹೊತ್ತಿಗೆ ಇಬ್ಬರೂ ನಾಗರಹೊಳೆಗೆ ಹೋಗುವ ಮಾತಾಡತೊಡಗಿದರು. ನಮ್ಮ ಬಯಲುಸೀಮೆಯಲ್ಲಿ ಕಾಣದ ಕಾಡಿನ ಹಕ್ಕಿಗಳು ಆ ರಾಷ್ಟ್ರೀಯ ಉದ್ಯಾನದಲ್ಲಿವೆ. ಅದರಲ್ಲೂ ಕಾಕರಣೆ ಎಂಬ ಹಕ್ಕಿಯನ್ನು ನೋಡಬೇಕೆಂಬುದು ನಮ್ಮವರ ಹಂಬಲ. ಮಗಳಿಗೆ ರಾಜಕುಮಾರಿಯ ಕಥೆ ಹೇಳಲು ಕೂತರೆ ಅದರಲ್ಲಿಯೂ ಈ ಹಕ್ಕಿ ಬರುತ್ತಿತ್ತು. "ಕರಿ ತಲಿ, ಕೆಂಪನ ಹೊಟ್ಟಿ, ನಡುವ ಬಿಳಿ ದಾರ ಕಟ್ಟಿದಂಗ. ಎಲಿ ಮರಿಗಿ ಅಲುಗಾಡದಂಗ ಕುಂತಿರ್ತೈತಿ. ಪುಣ್ಯ ಇದ್ದವರಿಗಷ್ಟ ಕಾಣ್ತೈತಿ," ಎಂದು ಹೇಳುತ್ತಿದ್ದರು. ಮಗಳು ಅಷ್ಟರಲ್ಲಿ ಮಲಗಿರುತ್ತಿದ್ದಳು. ಬಾಗಿಲ ಈಚೆ ಕೂತು ಗುಂಡಿ ಹೊಲಿಯುತ್ತಿದ್ದ ನಾನು ಪೂರ್ತಿ ಕೇಳುತ್ತಿದ್ದೆ.

ಜೊತೆಗೆ ಬರಬೇಕಿದ್ದ ಡಾಕ್ಟರ ಚಿಕ್ಕಪ್ಪನ ಮಗ ಕೊನೆಯಲ್ಲಿ ಬರಲಾಗುವುದಿಲ್ಲ ಅಂದ. ಒಂದು ಸಂಜೆ ನಮ್ಮವರು ಚಪ್ಪಲಿ ಬಿಡುತ್ತ, "ಡಾಕ್ಟ್ರು ನಿನ್ನ ಕರ್ಕೊಂಬರ್ರಿ ಅಂದ್ರು. ಬರ್ತಿಯೇನು?" ಎಂದು ಕೇಳಿದರು.

ಗಂಡನ ಜೊತೆ ಹೋಗಲು ನನಗೆ ಇನ್ನೊಬ್ಬರ ಶಿಫಾರಸು. ಬರುವುದಿಲ್ಲ ಅನ್ನಬೇಕೆಂದು ಬಾಯಿಗೆ ಬಂತು. ನಾನು ಇಲ್ಲ ಅಂದರೆ ಇಬ್ಬರೇ ಹೋಗುತ್ತಾರೆ, ಆ ಕಾಡಿನಲ್ಲಿ ದಿನವಿಡೀ ಮಾತಾಡುತ್ತಾರೆ. "ಬರ್ತೀನಿ," ಅಂದೆ. ಮಗಳನ್ನು ಹರಪನಹಳ್ಳಿಯಲ್ಲಿ ಅವ್ವನ ಹತ್ತಿರ ಬಿಟ್ಟೆ. ಈ ಸಲ ಮಾಸಿದ ಹಸಿರು ಬಣ್ಣದ ಕಾಟನ್ ಸೀರೆಗಳನ್ನೇ ಆರಿಸಿ ಚೀಲಕ್ಕೆ ತುಂಬಿದೆ.

ದಾವಣಗೆರೆಯಿಂದ ಮೈಸೂರಿಗೆ ಬಸ್ಸು, ಅಲ್ಲಿಂದ ಬಾಡಿಗೆ ಜೀಪು. ದಾರಿಯುದ್ದಕ್ಕೂ ಅವರಿಬ್ಬರೂ ಮುಂದೆ, ನಾನೂ ಚೀಲಗಳೂ ಹಿಂದೆ. ಕಾಡು ಬಂದಾಗ ಮಾತ್ರ ನಾನು ಎಲ್ಲವನ್ನೂ ಮರೆತೆ. ಕೊಟ್ಟೂರು ಹರಪನಹಳ್ಳಿಯ ಕಡೆ ಒಂದು ಮರವನ್ನು ಬೇವು, ಹುಣಸೆ ಎಂದು ಹೆಸರಿಟ್ಟು ಗುರುತಿಸುತ್ತೇವೆ, ಇಂಥವರ ಹೊಲದ ಮರ ಅನ್ನುತ್ತೇವೆ. ಇಲ್ಲಿ ಮರಗಳಿಗೆ ಲೆಕ್ಕವೂ ಇರಲಿಲ್ಲ, ಒಡೆಯರೂ ಇರಲಿಲ್ಲ. ಸಂಜೆ ಇಲಾಖೆಯ ವ್ಯಾನಿನಲ್ಲಿ ಒಳಗೆ ಕರೆದೊಯ್ದರು. ಆನೆಗಳ ಹಿಂಡು ಕಂಡಿತು. ವ್ಯಾನಿನಲ್ಲಿದ್ದವರೆಲ್ಲ ಒಂದೇ ಕಿಟಕಿಗೆ ಬಿದ್ದರು. ನಮ್ಮವರೂ ಡಾಕ್ಟರೂ ಇನ್ನೊಂದು ಕಿಟಕಿಯಲ್ಲಿ ಒಂದು ಮರಕುಟಿಗವನ್ನು ನೋಡುತ್ತಿದ್ದರು. ಕಾಕರಣೆ ಕಾಣಲಿಲ್ಲ.

ಆ ರಾತ್ರಿಯೇ ನಮ್ಮವರಿಗೆ ಜ್ವರ ಬಂತು. ಬೆಳಗಾದಾಗ ಮೈ ಕೆಂಡದಂತಿತ್ತು. ಕಾವಲುಗಾರನೊಬ್ಬನ ಜೊತೆ ನಾವು ಉಳಿದಿದ್ದ ಅತಿಥಿಗೃಹದ ಸುತ್ತಲಿನ ದಾರಿಯಲ್ಲಿ ನಡೆದು ಹಕ್ಕಿ ನೋಡಲು ಅವತ್ತು ಬೆಳಿಗ್ಗೆಗೆ ಮಾತ್ರ ಒಪ್ಪಿಗೆ ಸಿಕ್ಕಿತ್ತು. ಮಧ್ಯಾಹ್ನ ಮರಳಬೇಕಿತ್ತು. ಡಾಕ್ಟರು ಬಾಗಿಲಿಗೆ ಬಂದು ನೋಡಿ, ಮಾತ್ರೆ ಕೊಟ್ಟು, "ಯಾರೂ ಹೋಗೂದು ಬ್ಯಾಡ ಬಿಡ್ರಿ," ಅಂದರು.

"ಹಂಗ್ಯಾಕ? ನೀವು ಹೋಗ್ರಿ," ಅಂದರು ನಮ್ಮವರು ಕಂಬಳಿಯೊಳಗಿಂದ. ಆಮೇಲೆ ನನ್ನ ಕಡೆ ನೋಡಿದರು. "ಇಕಿನ್ನೂ ಕರ್ಕೊಂಡು ಹೋಗ್ರಿ."

"ನಿಮ್ಮನ್ನ ಬಿಟ್ಟು ನಾನೆಲ್ಲಿ ಹೋಗ್ಲಿ," ಅಂದೆ.

"ನನಗ ನಿದ್ದಿ ಬರಾಕತ್ತೈತಿ. ಎದುರಿಗಿ ಕುಂತು ನೋಡ್ತಿದ್ರ ಜ್ವರ ಇಳಿತೈತೇನು? ಹೋಗು." ತಲೆದಿಂಬಿನ ಕೆಳಗಿನಿಂದ ದುರ್ಬೀನು ತೆಗೆದು ಕೊಟ್ಟರು. ಅದು ನನ್ನ ಕೊರಳಿಗೆ ಬಂದದ್ದು ಅದೇ ಮೊದಲು. ನಾನು ಅಂದುಕೊಂಡಿದ್ದಕ್ಕಿಂತ ಭಾರವಿತ್ತು.

ಕಾವಲುಗಾರ ಮುಂದೆ, ಡಾಕ್ಟರು ನಡುವೆ, ನಾನು ಹಿಂದೆ. ಮಂಜು ಇನ್ನೂ ಮರಗಳಿಂದ ಹನಿಯುತ್ತಿತ್ತು. ಡಾಕ್ಟರು ಮಾತಾಡುತ್ತಾರೆ, ಅದೇನು ಮಾತೆಂದು ಇವತ್ತು ಗೊತ್ತಾಗುತ್ತದೆ ಎಂದು ಕಾದೆ. ಅವರು ಮಾತಾಡಲೇ ಇಲ್ಲ. ನಿಲ್ಲುತ್ತಿದ್ದರು, ಕಿವಿ ಕೊಡುತ್ತಿದ್ದರು, ಬೆರಳು ತೋರಿಸುತ್ತಿದ್ದರು, ಹೆಸರೊಂದನ್ನು ಪಿಸುಗುಡುತ್ತಿದ್ದರು, ಮುಂದೆ ನಡೆಯುತ್ತಿದ್ದರು. ಹೀಗೆ ಸುಮ್ಮನೆ ಒಬ್ಬರ ಹಿಂದೆ ಒಬ್ಬರು ನಡೆಯುವುದು ನನಗೂ ಹಿತವಾಯಿತು. ನಡೆಯುತ್ತ ನಡೆಯುತ್ತ ನಾನು ಸ್ವಲ್ಪ ಹಿಂದೆ ಬಿದ್ದೆ.

ಎಡಗಡೆ ಬಿದಿರು ಮೆಳೆಯ ಪಕ್ಕದ ಕೊಂಬೆಯ ಮೇಲೆ ಒಂದು ಹಣ್ಣೆಲೆ ಕಂಡಿತು, ಕಡುಗೆಂಪು. ಉಳಿದ ಎಲೆಗಳೆಲ್ಲ ಗಾಳಿಗೆ ಅಲುಗುತ್ತಿದ್ದವು, ಅದೊಂದು ಅಲುಗುತ್ತಿರಲಿಲ್ಲ. ಅದಕ್ಕೆ ಒಂದು ತಲೆಯಿತ್ತು. ಕಪ್ಪು ತಲೆ. ಕೊರಳ ಕೆಳಗೆ ಬಿಳಿ ದಾರ.

"ಡಾಕ್ಟ್ರ," ಅಂದೆ, ಪಿಸುದನಿಯಲ್ಲಿ. ಅವರು ಹೇಗೋ ತಿರುಗಿ ನೋಡಿದರು. ನಾನು ದುರ್ಬೀನು ಕಣ್ಣಿಗೆ ಹಿಡಿದೆ, ಬರೀ ಹಸಿರು ಮಸಕು. ಅವರು ಸದ್ದಿಲ್ಲದೆ ಹತ್ತಿರ ಬಂದು, ನಡುವಿನ ಗಾಲಿಯನ್ನು ಬೆರಳಿನಿಂದ ಮೆಲ್ಲಗೆ ತಿರುಗಿಸುತ್ತ ಹೋದರು. "ಸಾಕಂದಾಗ ಹೇಳ್ರಿ," ಅಂದರು. ಹಸಿರು ಸರಿದು ಹಕ್ಕಿ ಎದ್ದು ನಿಂತಂತೆ ಬಂತು. ಕಣ್ಣಿನ ಸುತ್ತ ನೀಲಿ ಬಳೆಯಂಥದ್ದು. ಅದು ನನ್ನನ್ನೇ ನೋಡುತ್ತಿತ್ತು. ಹೊಟ್ಟೆಯ ಕೆಂಪು ಎಂಥದೆಂದರೆ, ಹೊಸ ಕುಂಕುಮವನ್ನು ನೀರಿನಲ್ಲಿ ಕಲಸಿದಾಗ ಒಂದು ಗಳಿಗೆ ಬರುತ್ತದಲ್ಲ, ಅಂಥದು. ಎಷ್ಟು ಹೊತ್ತು ನೋಡಿದೆನೋ. "ನೀವು ನೋಡ್ರಿ," ಎಂದು ದುರ್ಬೀನು ಇಳಿಸಿದಾಗ ಅದು ಕೊಂಬೆ ಬಿಟ್ಟು ಬಿದಿರಿನ ಒಳಗೆ ಹೊರಟುಹೋಯಿತು. ಡಾಕ್ಟರಿಗೆ ಅದರ ಬೆನ್ನೂ ಬಾಲವೂ ಕಂಡವು, ಅಷ್ಟೇ. ಅವರ ಕೊರಳಲ್ಲಿ ಅವರದೇ ದುರ್ಬೀನು ಇತ್ತು. ನನಗೆ ಸರಿಮಾಡಿ ಕೊಡುವುದರಲ್ಲಿ ಅದನ್ನು ಎತ್ತಲೇ ಇಲ್ಲ.

"ನಿಮಗ ಪೂರಾ ಕಾಣ್ತಲ್ರಿ?" ಎಂದು ಕೇಳಿದರು.

"ಕಾಣ್ತು."

"ಆತು ಬಿಡ್ರಿ," ಎಂದು ನಕ್ಕರು. ಆ ನಗು ನೋಡಿ ನಮ್ಮವರು ಇವರನ್ನು ಏಕೆ ಇಷ್ಟೊಂದು ಹಚ್ಚಿಕೊಂಡಿದ್ದಾರೆ ಎಂಬುದು ನನಗೆ ತಿಳಿಯಿತು. ತಿಳಿದದ್ದರಿಂದ ಸಂಕಟವೇನೂ ಕಡಿಮೆಯಾಗಲಿಲ್ಲ.

ಮರಳುವ ದಾರಿಯಲ್ಲಿ, "ಮನಿಯವರಿಗೆ ನೀವ ಹೇಳ್ರಿ," ಅಂದರು ಡಾಕ್ಟರು. ತಾವು ಚಹಾ ಕುಡಿಯುವ ನೆಪದಲ್ಲಿ ಹೊರಗೇ ಉಳಿದರು.

ನಮ್ಮವರಿಗೆ ಬೆವರು ಬಿಟ್ಟು ಜ್ವರ ಇಳಿದಿತ್ತು. "ಏನ್ ನೋಡಿದ್ರಿ?" ಅಂದರು.

"ಹಕ್ಕಿ," ಅಂದೆ.

ಬೇಕೆಂದು ಅಂದದ್ದಲ್ಲ, ಬಾಯಿಗೆ ಹಾಗೇ ಬಂತು. ಆಮೇಲೆ ಹೇಳಿದೆ. ಅವರು ಮೊಣಕೈ ಊರಿ ಎದ್ದು ಕೂತರು. ಯಾವ ಮರ, ಎಷ್ಟು ಎತ್ತರ, ಬೆನ್ನು ಯಾವ ಬಣ್ಣ, ಬಾಲ ಎಷ್ಟುದ್ದ, ಕೂಗಿತೋ ಇಲ್ಲವೋ, ಹಾರುವಾಗ ರೆಕ್ಕೆ ಹೇಗಿತ್ತು ಎಂದು ಒಂದರ ಹಿಂದೊಂದು ಕೇಳಿದರು. ಮದುವೆಯಾದಾಗಿನಿಂದ ನನ್ನನ್ನು ಅಷ್ಟು ಪ್ರಶ್ನೆ ಕೇಳಿದವರಲ್ಲ. ನನ್ನ ಊರಿನ ಬಗ್ಗೆ ಕೇಳಿರಲಿಲ್ಲ, ಬಾಣಂತನದ ನೋವಿನ ಬಗ್ಗೆ ಕೇಳಿರಲಿಲ್ಲ. ನಾನು ಒಂದೊಂದಕ್ಕೂ ನಿಧಾನವಾಗಿ, ಸ್ವಲ್ಪ ಸ್ವಲ್ಪವೇ ಹೇಳಿದೆ. ಕೆಂಪಿನ ವಿಷಯ ಕೊನೆಗೆ ಉಳಿಸಿಕೊಂಡಿದ್ದೆ.

"ಹೊಟ್ಟಿ?" ಅಂದರು.

"ಕೆಂಪು. ಕುಂಕುಮದಂಗ."

"ಗಂಡು," ಅಂದರು. ಅವರ ಮುಖ ಇಳಿಯಿತು. ಕಂಬಳಿ ಎಳೆದುಕೊಂಡು ಗೋಡೆಯ ಕಡೆ ತಿರುಗಿ, "ನೀರು ಕೊಡು," ಅಂದರು.

ಆ ಮುಖ ನನಗೆ ಚೆನ್ನಾಗಿ ಗೊತ್ತಿತ್ತು. ಅಂಗಳದಲ್ಲಿ ಒದ್ದೆ ಬಟ್ಟೆ ಹಿಡಿದು ನಿಂತಾಗ ನನ್ನ ಮುಖವೂ ಹಾಗೇ ಇದ್ದಿರಬೇಕು. ನೀರು ಕೊಟ್ಟೆ. ಪಾಪ ಅನ್ನಿಸಲಿಲ್ಲ. ಬಹಳ ವರ್ಷಗಳ ಮೇಲೆ ಹೊಟ್ಟೆ ತಣ್ಣಗಾಯಿತು.

ಊರಿಗೆ ಬಂದ ಮೇಲೆ ಒಂದು ವಾರ ಅವರು ಡಾಕ್ಟರ ಜೊತೆಯೂ ಸರಿಯಾಗಿ ಮಾತಾಡಲಿಲ್ಲ. ಡಾಕ್ಟರು ಬಂದು ಕಾಕರಣೆಯ ಸುದ್ದಿ ಎತ್ತಿದರೆ, "ನೀವಿಬ್ರು ನೋಡೀರಿ, ನೀವ ಮಾತಾಡ್ರಿ," ಎಂದು ಬಣ್ಣದ ಡಬ್ಬಿ ಜೋಡಿಸಲು ಹೋಗುತ್ತಿದ್ದರು. ಪಕ್ಕದ ಮನೆಯ ಅಕ್ಕನಿಗೆ ನಾನು ಹಕ್ಕಿಯ ಕಥೆ ಹೇಳುತ್ತಿದ್ದರೆ ನಡುಮನೆಯಲ್ಲಿ ರೇಡಿಯೋದ ಸದ್ದು ಹೆಚ್ಚಾಗುತ್ತಿತ್ತು. ಶನಿವಾರ ರಾತ್ರಿ ನಾನು ಬುತ್ತಿಗೆ ರೊಟ್ಟಿ ಬಡಿಯುತ್ತಿದ್ದಾಗ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು.

"ನಾಳೆ ನೀನೂ ಬಾ."

"ಯಾಕ?"

"ಬಾ ಅಂದ್ರ ಬಾ."

ಹೋದೆ. ಪ್ರೀತಿಯಿಂದ ಕರೆದದ್ದಲ್ಲ ಎಂದು ನನಗೆ ಗೊತ್ತಿತ್ತು. ನನ್ನ ಕಣ್ಣಿಗೆ ಬಿದ್ದದ್ದು ತಮ್ಮ ಕಣ್ಣಿಗೆ ಹೇಗೆ ತಪ್ಪುತ್ತದೆ ಎಂದು ಪರೀಕ್ಷೆ ಮಾಡಲು ಕರೆದಿದ್ದರು. ಹಿನ್ನೀರಿನ ದಂಡೆಯ ಮೇಲೆ ಅವರು ಹಕ್ಕಿಗಳಿಗಿಂತ ಹೆಚ್ಚಾಗಿ ನಾನು ಎತ್ತ ನೋಡುತ್ತೇನೆ ಎಂದು ನೋಡಿದರು. ನಾನು ಒಂದು ಕಡೆ ಕತ್ತು ತಿರುಗಿಸಿದರೆ ಸಾಕು, ಅವರ ದುರ್ಬೀನೂ ಆ ಕಡೆಗೇ. ಹಾರುವುದನ್ನೆಲ್ಲ ಅವರು ಮೊದಲು ಹಿಡಿಯುತ್ತಿದ್ದರು, ಕೂತದ್ದನ್ನೆಲ್ಲ ನಾನು. ಮೊದಲು ಕಂಡವರು ಹೆಸರು ಹೇಳಬೇಕು ಎಂಬ ಪಣ ನಮ್ಮಲ್ಲಿ ಬಾಯಿಬಿಟ್ಟು ಹೇಳದೆಯೇ ಶುರುವಾಯಿತು. ನಾನು ಹೆಸರು ತಪ್ಪು ಹೇಳಿದರೆ ಅವರಿಗೆ ಎಷ್ಟು ಖುಷಿಯಾಗುತ್ತಿತ್ತೆಂದರೆ ಏಕೆ ತಪ್ಪು ಎಂದು ಅರ್ಧ ದಾರಿ ಹೇಳುತ್ತ ಬರುತ್ತಿದ್ದರು. ಸ್ಕೂಟರಿನ ಗಾಳಿಯಲ್ಲಿ ಅರ್ಧ ಕೇಳುತ್ತಿರಲಿಲ್ಲ. ಆದರೂ ನಾನು ಹಾಂ ಹಾಂ ಅನ್ನುತ್ತಿದ್ದೆ.

ಡಾಕ್ಟರಿಗೆ ಕರಾವಳಿಯ ಕಡೆ ವರ್ಗವಾಯಿತು. ಈ ಸುದ್ದಿಗಾಗಿ ನಾನು ಒಂದು ಕಾಲದಲ್ಲಿ ದೇವರ ಮುಂದೆ ನಿಂತಿದ್ದೂ ಉಂಟು. ಬಂದಾಗ ಏಕೋ ಹಿಗ್ಗಾಗಲಿಲ್ಲ. ಅವರು ಹೋದ ಮೊದಲ ಭಾನುವಾರ ನಮ್ಮವರು ನಸುಕಿನಲ್ಲಿ ಎದ್ದು ಬೂಟು ಕಟ್ಟಿಕೊಂಡು ಓಣಿಯ ತುದಿಯವರೆಗೆ ಹೋಗಿ ನಿಂತರು. ನಾನು ಬಾಗಿಲಿನಿಂದ ನೋಡಿದೆ. ನನಗಾಗಿ ಯಾವತ್ತಾದರೂ ಹೀಗೆ ನಿಂತಿದ್ದಾರೆಯೇ ಎಂದು ಆಗಲೂ ಅನ್ನಿಸಿತು. ಸ್ವಲ್ಪ ಹೊತ್ತಾದ ಮೇಲೆ ನಾನೇ ಹೋಗಿ, "ಸ್ಕೂಟರ್ ತಗೀರಿ, ಕೋಗಳಿ ಕಡೆ ಹೋಗಿ ಬರೂಣು," ಅಂದೆ. ಹೋದೆವು. ಅವತ್ತು ಇಬ್ಬರೂ ಪಣ ಕಟ್ಟಲಿಲ್ಲ.

ಕಾಕರಣೆ ಮುಂದೊಂದು ವರ್ಷ ಅವರಿಗೂ ಕಂಡಿತು, ಡಾಕ್ಟರು ಕರೆಸಿಕೊಂಡಾಗ, ಶರಾವತಿಯ ಕಾಡಿನಲ್ಲಿ. ಮಗಳ ಪರೀಕ್ಷೆ ಎಂದು ನಾನು ಹೋಗಿರಲಿಲ್ಲ. ಗಂಡೂ ಹೆಣ್ಣೂ ಒಂದೇ ಕೊಂಬೆಯ ಮೇಲೆ ಕೂತಿದ್ದವಂತೆ. ಬಂದು ಹೇಳುವಾಗ ಅವರ ದನಿಯಲ್ಲಿದ್ದ ಸೊಕ್ಕು ನೋಡಬೇಕಿತ್ತು. ನನಗೆ ಕಂಡಿದ್ದು ಒಂಟಿ ಗಂಡು ಮಾತ್ರ. ಆ ವಾರವಿಡೀ ಸಾರಿಗೆ ಉಪ್ಪು ಹೆಚ್ಚಾಯಿತೆಂದು ಅತ್ತೆ ಹೇಳಿದರು.

ಡಾಕ್ಟರು ಸ್ವಲ್ಪ ತಡವಾಗಿಯೇ ಮದುವೆಯಾದರು. ಆ ಹೊತ್ತಿಗೆ ಮನೆಮನೆಗೂ ಫೋನು ಬಂದಿತ್ತು. ಒಂದು ಮಧ್ಯಾಹ್ನ ಫೋನು ಎತ್ತಿದರೆ ಹೆಣ್ಣುದನಿ. ಡಾಕ್ಟರ ಹೆಂಡತಿ. ಮದುವೆಯಲ್ಲಿ ಅಕ್ಷತೆ ಹಾಕುವಾಗ ನೋಡಿದ್ದು ಬಿಟ್ಟರೆ ನನಗೆ ಆಕೆಯ ಪರಿಚಯವಿರಲಿಲ್ಲ.

"ಅಕ್ಕಾರ, ಒಂದು ಕೇಳ್ತೀನಿ, ತಪ್ಪು ತಿಳೀಬ್ಯಾಡ್ರಿ," ಅಂದಳು. "ನಿಮ್ಮ ಮನಿಯವರ ಫೋನ್ ಬಂತಂದ್ರ ಇವ್ರು ಉಣ್ಣೂದು ಬಿಟ್ಟು ಏಳ್ತಾರ್ರಿ. ಆಮ್ಯಾಲ ಮಾತು ಮುಗಿಯೂದಿಲ್ಲ. ನನ್ನ ಜೊತಿಗಿ ಒಂದ್ ಮಾತಾಡ್ರಿ ಅಂದ್ರ ಪೇಪರ್ ಓದ್ತಾರ. ಅಂಥಾದ್ದೇನೈತ್ರಿ ಅವರಿಬ್ರಿಗೆ?"

ನಾನು ಸ್ಟೂಲು ಎಳೆದುಕೊಂಡು ಕೂತೆ. ಏನೆಂದು ಹೇಳುವುದು. ನಾನು ಇಷ್ಟು ವರ್ಷ ಅವಳ ಗಂಡನ ಮೇಲೆ ಹೊಟ್ಟೆಕಿಚ್ಚು ಪಡುತ್ತಿದ್ದೆ, ಅವಳು ಅಲ್ಲಿ ನನ್ನ ಗಂಡನ ಮೇಲೆ ಪಡುತ್ತಿದ್ದಾಳೆ. "ನಿಮ್ಮ ಊಟ ಆತೇನು?" ಎಂದು ಕೇಳಿದೆ. ಆಗಿಲ್ಲ ಅಂದಳು. "ಉಂಡು ಬಂದು ಮತ್ತ ಹಚ್ಚು, ಎಲ್ಲಾ ಹೇಳ್ತೀನಿ," ಅಂದೆ. ಬಹುವಚನ ತಾನಾಗಿ ಬಿದ್ದುಹೋಗಿತ್ತು. ಅವತ್ತು ಅವಳ ಜೊತೆ ಮಾತಾಡಿ ಮುಗಿಸುವಷ್ಟರಲ್ಲಿ ನಮ್ಮವರು ಅಂಗಡಿಯಿಂದ ಬಂದು ಎರಡು ಸಲ ಇಣುಕಿ ಹೋಗಿದ್ದರು.

ಮಾಘದ ದಿನಗಳಲ್ಲಿ ಗಂಡ ಹೆಂಡತಿ ನಮ್ಮ ಮನೆಗೆ ಬಂದರು. ಬೆಳಗಾಗುತ್ತಲೇ ಗಂಡಸರಿಬ್ಬರೂ ಹಡಗಲಿಯ ಕಡೆ ಹೊರಟುಬಿಟ್ಟರು. ಅವಳು ಬಾಗಿಲಲ್ಲಿ ನಿಂತು ಗಾಡಿ ಹೋದ ದಿಕ್ಕನ್ನೇ ನೋಡುತ್ತಿದ್ದಳು. ಮೂಗಿನ ತುದಿ ಕೆಂಪಾಗಿತ್ತು. ನಾನು ಒಲೆ ಆರಿಸಿ, ಚಪ್ಪಲಿ ಮೆಟ್ಟಿಕೊಂಡು, "ನಡಿ," ಅಂದೆ.

"ಎಲ್ಲಿಗ್ರಿ?"

"ಕೆರಿ ದಂಡಿಗಿ. ನಡಕೊಂತ ಹೋಗಬಹುದು."

ಊರ ಕೆರೆಯಲ್ಲಿ ನೀರು ಅರ್ಧವಿತ್ತು. ಅಗಸರು ಆ ದಡದಲ್ಲಿ ಬಟ್ಟೆ ಒಗೆಯುತ್ತಿದ್ದರು. ಈ ಕಡೆ ಜೊಂಡಿನ ಹತ್ತಿರ ಒಂದು ಗುಳುಮುಳುಕ ಈಜುತ್ತಿತ್ತು, ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ನೀರುಹಕ್ಕಿ, ಎಲ್ಲ ಕೆರೆಯಲ್ಲೂ ಇರುವಂಥದ್ದು. ಬೆನ್ನ ಮೇಲೆ ಪಟ್ಟೆಪಟ್ಟೆಯ ಮರಿಗಳು ಕೂತಿದ್ದವು. ಹಕ್ಕಿ ಚಕ್ಕನೆ ಮುಳುಗಿತು, ಮರಿಗಳು ನೀರಿನ ಮೇಲೆ ಬೆಂಡಿನ ಹಾಗೆ ತೇಲಿ ಉಳಿದವು.

ಅವಳು ನನ್ನ ಕೈ ಹಿಡಿದುಕೊಂಡಳು. "ಎಲ್ಲಿ ಹೋತ್ರಿ ಅಕ್ಕಾರ ಅದು?"

"ಸುಮ್ನಿರು, ಏಳ್ತೈತಿ. ಎಲ್ಲಿ ಏಳ್ತೈತಂತ ನೋಡು."

ಇಬ್ಬರೂ ಕೆರೆಯ ಏರಿಯ ಮೇಲೆ ಕೂತು ನೀರು ನೋಡತೊಡಗಿದೆವು.